ಟಿಯಾವ್ ಹೊಳೆಯ ಆಚೆ ಈಚೆ



ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ನಮ್ಮ ಧರ್ಮಸಭೆ ವಲಸಿಗರ ಮತ್ತು ನಿರಾಶ್ರಿತರ ದಿನವನ್ನು ಆಚರಿಸುತ್ತದೆ. 1914ರಲ್ಲಿ ಆರಂಭವಾದ ಆಚರಣೆ ಇದು. ಆ ದಿನದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಓದುವಾಗ 'ಲೋಕದ ಎಲ್ಲ ನಿರಾಶ್ರಿತರಿಗಾಗಿ' ಎಂದು ನಾವೇ ಓದುತ್ತೇವೆ. ಎಲ್ಲರೂ ಉತ್ತರ ಕೊಡುತ್ತಾರೆ, ನಾವು ಮುಂದಿನ ಪ್ರಾರ್ಥನೆಗೆ ಹೋಗುತ್ತೇವೆ. ಕಳೆದ ಸಲ ಯುವಕೂಟದಲ್ಲಿ ಒಬ್ಬ ಹುಡುಗಿ 'ಯಾರು ಈ ನಿರಾಶ್ರಿತರು?' ಎಂದು ಕೇಳಿದಳು. ಸಿರಿಯಾದವರು ಎಂದ ಒಬ್ಬ. ಯುಕ್ರೇನಿನವರು ಎಂದ ಇನ್ನೊಬ್ಬ. ನಮ್ಮದೇ ದೇಶದೊಳಗೆ, ಪಕ್ಕದ ದೇಶದಿಂದ ಓಡಿ ಬಂದ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಟಾರ್ಪಾಲಿನ ಕೆಳಗೆ ಕೂತಿದ್ದಾರೆ, ಅವರಲ್ಲಿ ಬಹುಪಾಲು ಕ್ರೈಸ್ತರು ಎಂಬುದು ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಓದಲು ಕೂತೆವು. ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಅವರ ಹೆಸರು ಚಿನ್ ಜನ. ಊರು ಮ್ಯಾನ್ಮಾರ್, ಅಂದರೆ ನಮ್ಮ ಹಿರಿಯರು ಬರ್ಮಾ ಎಂದು ಕರೆಯುತ್ತಿದ್ದ ದೇಶದ ಪಶ್ಚಿಮ ಅಂಚಿನ ಗುಡ್ಡಗಾಡು. ಆ ಗುಡ್ಡ ಇಳಿದರೆ ಟಿಯಾವ್ ಎಂಬ ಹೊಳೆ. ಹೊಳೆಯ ಈಚೆ ಭಾರತದ ಮಿಜೋರಾಂ. ಬೇಸಿಗೆಯಲ್ಲಿ ನಡೆದೇ ದಾಟಬಹುದಾದ ಹೊಳೆ. ಮಿಜೋರಾಮಿಗೂ ಮ್ಯಾನ್ಮಾರಿಗೂ ನಡುವೆ 510 ಕಿಲೋಮೀಟರ್ ಗಡಿಯಿದೆ. ಚಂಫಾಯಿ ಜಿಲ್ಲೆಯ ಝೋಖಾವ್ತರ್ ಎಂಬ ಹಳ್ಳಿಯಲ್ಲಿ ಒಂದು ಸೇತುವೆಯೂ ಇದೆ. ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ರಿಹ್ ದಿಲ್ ಎಂಬ ಸರೋವರ. ಸತ್ತವರ ಆತ್ಮಗಳು ಈ ಸರೋವರ ದಾಟಿ ಹೋಗುತ್ತವೆ ಎಂಬುದು ಮಿಜೋ ಜನರ ಪೂರ್ವಿಕರ ನಂಬಿಕೆಯಾಗಿತ್ತು. ಹಾಗಾಗಿ ಮಿಜೋರಾಮಿನ ಅತಿ ದೊಡ್ಡ ಸರೋವರ ಇರುವುದು ಬರ್ಮಾದಲ್ಲಿ ಎಂದು ಅವರು ತಮಾಷೆಗೆ ಹೇಳುವುದುಂಟು. ತಮಾಷೆಯಲ್ಲಿ ಸತ್ಯವೂ ಇದೆ. ಮಿಜೋಗಳೂ ಚಿನ್ ಜನರೂ ಒಂದೇ ಬೇರಿನವರು. ಮಾತು ಹತ್ತಿರ, ಊಟ ಹತ್ತಿರ, ಮನೆತನದ ಹೆಸರುಗಳೂ ಹತ್ತಿರ.

ಬೇರೆ ಮಾಡಿದ್ದು ಬ್ರಿಟಿಷರ ಆಡಳಿತ. ಈ ಗುಡ್ಡಗಳನ್ನು ಎರಡು ಕಡೆಯಿಂದ ಗೆದ್ದ ಮೇಲೆ, ಇಡೀ ಪ್ರದೇಶವನ್ನು ಒಂದೇ ಆಡಳಿತದಡಿ ತರಬೇಕೆಂದು 1892ರಲ್ಲಿ ಕಲ್ಕತ್ತದಲ್ಲಿ ಅಧಿಕಾರಿಗಳು ಸೇರಿ ಮಾತಾಡಿದರು. ಅದು ಕಾಗದದಲ್ಲೇ ಉಳಿಯಿತು. ಲುಶಾಯಿ ಗುಡ್ಡಗಳು ಅಸ್ಸಾಮಿನ ಪಾಲಾದವು, ಚಿನ್ ಗುಡ್ಡಗಳು ಬರ್ಮಾದ ಪಾಲಾದವು. ಆಗಿನ್ನೂ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯವೇ ಆಗಿದ್ದರಿಂದ ಯಾರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 1937ರ ಏಪ್ರಿಲ್ 1ರಂದು ಬರ್ಮಾವನ್ನು ಇಂಡಿಯಾದಿಂದ ಬೇರ್ಪಡಿಸಿದರು. ಅದರ ಹತ್ತು ವರ್ಷದ ಮೇಲೆ ಎರಡೂ ಸ್ವತಂತ್ರ ದೇಶಗಳಾದವು. ಹೊಳೆಯ ಆಚೆ ಮದುವೆ ಮಾಡಿಕೊಟ್ಟಿದ್ದ ಅಕ್ಕ ವಿದೇಶದವಳಾದಳು.

ಸುವಾರ್ತೆಯೂ ಈ ಗುಡ್ಡಗಳಿಗೆ ಎರಡು ದಾರಿಯಲ್ಲಿ ಬಂತು. ಮಿಜೋರಾಮಿನ ಕಡೆಗೆ 1894ರಲ್ಲಿ ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು ಬಂದರು. ಚಿನ್ ಕಡೆಗೆ 1899ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ದಂಪತಿ ಆರ್ಥರ್ ಮತ್ತು ಲಾರಾ ಕಾರ್ಸನ್ ಬಂದು ಹಾಖಾದಲ್ಲಿ ನೆಲೆಸಿದರು. ಆರ್ಥರ್ 1908ರಲ್ಲಿ ಅಲ್ಲೇ ತೀರಿಕೊಂಡರು. ಲಾರಾ ಊರಿಗೆ ಹಿಂದಿರುಗದೆ ಇನ್ನೂ ಹಲವು ವರ್ಷ ದುಡಿದರು. ಚಿನ್ ಭಾಷೆಗಳಿಗೆ ಲಿಪಿ ಬಂದದ್ದು, ಶಾಲೆ ಬಂದದ್ದು, ಔಷಧಿ ಬಂದದ್ದು ಆ ಕಾಲದಲ್ಲಿ. ಇಂದು ಚಿನ್ ರಾಜ್ಯದಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಕ್ರೈಸ್ತರು. ಬ್ಯಾಪ್ಟಿಸ್ಟರೇ ಹೆಚ್ಚು. ಕಥೋಲಿಕರೂ ಇದ್ದಾರೆ, ಹಾಖಾದಲ್ಲಿ 1992ರಿಂದ ಧರ್ಮಕ್ಷೇತ್ರವಿದೆ. ಆದರೆ ಇಡೀ ಮ್ಯಾನ್ಮಾರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬೌದ್ಧರು. ತಮ್ಮ ಗುಡ್ಡದಲ್ಲಿ ಬಹುಸಂಖ್ಯಾತರು, ದೇಶದಲ್ಲಿ ಒಂದು ಹಿಡಿ ಜನ. ಅವರ ಕಷ್ಟದ ಒಂದು ಬೇರು ಇಲ್ಲಿದೆ.

1947ರ ಫೆಬ್ರವರಿ 12ರಂದು ಪಾಂಗ್ಲಾಂಗ್ ಎಂಬಲ್ಲಿ ಆಂಗ್ ಸಾನ್ ಅವರ ಜೊತೆ ಚಿನ್, ಕಚಿನ್, ಶಾನ್ ನಾಯಕರು ಒಪ್ಪಂದಕ್ಕೆ ಸಹಿ ಹಾಕಿದ್ದರು. ಗುಡ್ಡಗಾಡಿನ ಜನರಿಗೆ ಒಳಾಡಳಿತದಲ್ಲಿ ಸ್ವಾತಂತ್ರ್ಯ ಸಿಗುತ್ತದೆ ಎಂಬ ಮಾತು ಅದರಲ್ಲಿತ್ತು. ಅದೇ ವರ್ಷ ಜುಲೈನಲ್ಲಿ ಆಂಗ್ ಸಾನ್ ಕೊಲೆಯಾದರು. 1961ರಲ್ಲಿ ಪ್ರಧಾನಿ ಊ ನು ಬೌದ್ಧ ಧರ್ಮವನ್ನು ರಾಷ್ಟ್ರಧರ್ಮ ಎಂದು ಘೋಷಿಸಿದರು. ಮರುವರ್ಷ ಸೇನಾಪತಿ ನೆ ವಿನ್ ಅಧಿಕಾರ ಕಿತ್ತುಕೊಂಡಾಗ ಆ ಘೋಷಣೆ ಬದಿಗೆ ಸರಿಯಿತು, ನಿಜ. ಆದರೆ ಚಿನ್ ಜನರಿಗೆ ಅದರಿಂದ ಒಳ್ಳೆಯದೇನೂ ಆಗಲಿಲ್ಲ. ಮಿಷನ್ ಶಾಲೆ, ಆಸ್ಪತ್ರೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. 1966ರ ಹೊತ್ತಿಗೆ ವಿದೇಶಿ ಮಿಷನರಿಗಳನ್ನು ದೇಶದಿಂದ ಹೊರಗೆ ಹಾಕಿತು.

1988ರಲ್ಲಿ ದೇಶದಾದ್ಯಂತ ವಿದ್ಯಾರ್ಥಿಗಳು ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದರು, ಸೈನ್ಯ ಗುಂಡು ಹಾರಿಸಿತು. ಆಮೇಲೆ ಚಿನ್ ಗುಡ್ಡಗಳಲ್ಲಿ ಒಂದರ ಹಿಂದೆ ಒಂದು ಸೇನಾ ಶಿಬಿರಗಳು ಎದ್ದವು. ಚಿನ್ ಜನ ಊರಿನ ಎತ್ತರದ ಗುಡ್ಡದ ಮೇಲೆ ದೊಡ್ಡ ಶಿಲುಬೆ ನಿಲ್ಲಿಸುತ್ತಾರೆ. ನಮ್ಮಲ್ಲೂ ಶಿಲುಬೆ ಗುಡ್ಡೆಗಳು ಇವೆಯಲ್ಲ, ಹಾಗೆ. ಅಂಥ ಶಿಲುಬೆಗಳನ್ನು ಕೆಡವಲು ಸೈನ್ಯ ಆಜ್ಞೆ ಮಾಡಿತು. ಎಷ್ಟೋ ಕಡೆ ನಿಲ್ಲಿಸಿದವರ ಕೈಯಿಂದಲೇ ಕೆಡವಿಸಿತು. ಹೊಸ ಚರ್ಚು ಕಟ್ಟಲು, ಹಳೆಯದನ್ನು ದುರಸ್ತಿ ಮಾಡಲು, ದೊಡ್ಡ ಸಭೆ ಸೇರಲು ಅನುಮತಿ ಬೇಕು; ಅನುಮತಿ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟವರನ್ನು ಹಿಡಿದು ಸೈನ್ಯದ ಅಕ್ಕಿಮೂಟೆ ಹೊರಿಸುವುದು, ರಸ್ತೆ ಕಡಿಸುವುದು, ಪಗೋಡ ಕಟ್ಟಲು ಕಲ್ಲು ಸಾಗಿಸುವುದು, ಎಲ್ಲ ಬಿಟ್ಟಿ ಚಾಕರಿ. ಗಡಿಪ್ರದೇಶದ ಅಭಿವೃದ್ಧಿಯ ಹೆಸರಿನಲ್ಲಿ ಸರ್ಕಾರ ತೆರೆದ ವಸತಿ ಶಾಲೆಗಳಿಗೆ ಸೇರಿದ ಬಡಮಕ್ಕಳನ್ನು ಚರ್ಚಿಗೆ ಹೋಗದಂತೆ ತಡೆದು ಬೌದ್ಧ ಪೂಜೆಗೆ ಕೂರಿಸುತ್ತಿದ್ದರು ಎಂಬುದನ್ನು ಚಿನ್ ಮಾನವ ಹಕ್ಕು ಸಂಘಟನೆ ದಾಖಲಿಸಿದೆ. 2009ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ದೀರ್ಘ ವರದಿಯಲ್ಲೂ ಇಂಥ ಹಿಂಸೆಯ ವಿವರಗಳಿವೆ. ಇಲ್ಲಿ ಒಂದು ಮಾತು ಹೇಳಬೇಕು. ಇದು ಬುದ್ಧ ಬೋಧಿಸಿದ್ದಲ್ಲ. ಅನೇಕ ಬೌದ್ಧ ಭಿಕ್ಷುಗಳೂ ಅದೇ ಸೈನ್ಯದ ಲಾಠಿ ತಿಂದಿದ್ದಾರೆ. ಅಧಿಕಾರ ಉಳಿಸಿಕೊಳ್ಳಲು ಸೈನ್ಯ ಧರ್ಮವನ್ನು ಹಿಡಿಕೆ ಮಾಡಿಕೊಂಡಿತು, ಅಷ್ಟೇ.

ಹೀಗೆ ಜನ ಹೊಳೆ ದಾಟತೊಡಗಿದರು. 1988ರಲ್ಲಿ ಬಂದವರಿಗೆ ಭಾರತ ಸರ್ಕಾರ ಚಂಫಾಯಿಯಲ್ಲಿ ಶಿಬಿರ ತೆರೆದಿತ್ತು. 1990ರ ದಶಕದಲ್ಲಿ ಮ್ಯಾನ್ಮಾರ್ ಸರ್ಕಾರದ ಜೊತೆ ಸಂಬಂಧ ಸುಧಾರಿಸುತ್ತಿದ್ದಂತೆ ಅದು ಮುಚ್ಚಿಹೋಯಿತು. ಆಮೇಲೆ ಬಂದವರಿಗೆ ಶಿಬಿರವಿಲ್ಲ, ಕಾಗದವಿಲ್ಲ. ಹೆಂಗಸರು ಐಜ್ವಾಲಿನ ಮಗ್ಗಗಳಲ್ಲಿ ನೇಯ್ದರು. ಗಂಡಸರು ರಸ್ತೆ ಬದಿಯಲ್ಲಿ ಜಲ್ಲಿ ಒಡೆದರು, ಕಟ್ಟಡದ ಕೆಲಸಕ್ಕೆ ಹೋದರು. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಇರುವುದು ದೆಹಲಿಯಲ್ಲಿ. ಅಲ್ಲಿ ಹೆಸರು ಬರೆಸಲು ಸಾವಿರಾರು ಮಂದಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಪಶ್ಚಿಮ ದೆಹಲಿಯ ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಸೇರಿಕೊಂಡರು. ರಾತ್ರಿ ಸಂತೆ ಮುಗಿದ ಮೇಲೆ ವ್ಯಾಪಾರಿಗಳು ಎಸೆದ ತರಕಾರಿಯನ್ನು ಹೆಂಗಸರು ಆಯ್ದು ತಂದು ಮನೆ ನಡೆಸಿದರು. ಇನ್ನೆಷ್ಟೋ ಮಂದಿ ಮಲೇಷ್ಯಾಕ್ಕೆ ಹೋದರು. ಅಲ್ಲಿಯೂ ನಿರಾಶ್ರಿತರಿಗೆ ಕಾನೂನಿಲ್ಲ, ಪೊಲೀಸ್ ದಾಳಿ ಮಾತ್ರ ಇದೆ.

ನಮ್ಮ ದೇಶದ ಮಾತನ್ನೂ ಹೇಳಿಬಿಡೋಣ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತ ಎಂಬವನಿಗೆ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಪಾಸ್‌ಪೋರ್ಟ್ ಇಲ್ಲದೆ ಬಂದವನು ಯಾವ ಕಾರಣಕ್ಕೆ ಬಂದಿದ್ದರೂ ಕಾನೂನಿನ ಕಣ್ಣಿಗೆ ಅಕ್ರಮವಾಗಿ ನುಸುಳಿದವನೇ. 2019ರ ಪೌರತ್ವ ತಿದ್ದುಪಡಿ ಕಾಯಿದೆಯಲ್ಲಿ ನೆರೆದೇಶಗಳ ಅಲ್ಪಸಂಖ್ಯಾತರಿಗೆ ದಾರಿ ಮಾಡಿದ್ದಾರೆ, ಅದರಲ್ಲಿ ಕ್ರೈಸ್ತರ ಹೆಸರೂ ಇದೆ ಎಂದು ನಮ್ಮಲ್ಲಿ ಕೆಲವರು ಸಮಾಧಾನಪಟ್ಟಿದ್ದರು. ಆದರೆ ಆ ಕಾಯಿದೆ ಹೇಳುವುದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳ ಬಗ್ಗೆ. ಅದೂ 2014ರ ಡಿಸೆಂಬರ್ 31ರೊಳಗೆ ಬಂದವರಿಗೆ. ಮ್ಯಾನ್ಮಾರ್ ಪಟ್ಟಿಯಲ್ಲೇ ಇಲ್ಲ.

ಹಾಗಾದರೆ ಇಷ್ಟು ವರ್ಷ ಇವರನ್ನು ಉಳಿಸಿದ್ದು ಯಾವುದು? ಮಿಜೋ ಜನರ ಅನ್ನ. ಈ ಅನ್ನದ ಕಥೆಯಲ್ಲಿ ಒಂದು ಕಹಿ ಅಧ್ಯಾಯವಿದೆ. ಯುವಜನರಾದ ನಮಗೆ ಅದು ಹೆಚ್ಚು ನಾಟಿತು.

ಮಿಜೋರಾಮಿನಲ್ಲಿ ಯಂಗ್ ಮಿಜೋ ಅಸೋಸಿಯೇಷನ್ ಎಂಬ ಸಂಘವಿದೆ. ವೈ.ಎಂ.ಎ. ಎನ್ನುತ್ತಾರೆ. 1935ರ ಜೂನ್ 15ರಂದು ವೇಲ್ಸ್ ಮಿಷನರಿಗಳ ಪ್ರೇರಣೆಯಿಂದ ಹುಟ್ಟಿದ್ದು. ಊರಿಗೊಂದು ಶಾಖೆ. ಯಾರ ಮನೆಯಲ್ಲಿ ಸಾವಾದರೂ ಗುಂಡಿ ತೋಡುವವರು ಇವರೇ. ರಾತ್ರಿಯೆಲ್ಲ ಆ ಮನೆಯವರ ಜೊತೆ ಕೂತು ಹಾಡುವವರೂ ಇವರೇ. ನಮ್ಮ ಯುವಸಂಘಗಳು ವಾರ್ಷಿಕೋತ್ಸವ, ಕ್ರಿಕೆಟ್ ಪಂದ್ಯಾಟ ಮಾಡಿ ಸುಸ್ತಾಗುತ್ತವೆ (ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ). ಅಲ್ಲಿ ಯುವಸಂಘವಿಲ್ಲದೆ ಊರಿನಲ್ಲಿ ಶವಸಂಸ್ಕಾರ ನಡೆಯುವುದಿಲ್ಲ.

2003ರ ಜುಲೈನಲ್ಲಿ ಒಬ್ಬ ಮಿಜೋ ಬಾಲಕಿಯ ಮೇಲೆ ಅತ್ಯಾಚಾರವಾಯಿತು. ಆರೋಪ ಒಬ್ಬ ಚಿನ್ ಗಂಡಸಿನ ಮೇಲೆ. ಸಿಟ್ಟು ಮಾತ್ರ ಎಲ್ಲ ಚಿನ್ ಜನರ ಮೇಲೆ ತಿರುಗಿತು. ಊರು ಬಿಟ್ಟು ಹೋಗಿ ಎಂದು ಗಡುವು ಕೊಟ್ಟವರಲ್ಲಿ ಮುಂದೆ ನಿಂತದ್ದು ಇದೇ ವೈ.ಎಂ.ಎ. ಮನೆಮನೆಗೆ ಹೋಗಿ ಎಬ್ಬಿಸಿದರು. ಸಾವಿರಾರು ಮಂದಿ, ಕಂಕುಳಲ್ಲಿ ಮಕ್ಕಳನ್ನು ಕಟ್ಟಿಕೊಂಡು, ಯಾವ ಸೈನ್ಯಕ್ಕೆ ಹೆದರಿ ಓಡಿ ಬಂದಿದ್ದರೋ ಅದರ ಕಡೆಗೇ ಹೊಳೆ ದಾಟಿ ವಾಪಸ್ ಹೋಗಬೇಕಾಯಿತು. ದೂಡಿದವರೂ ಭಾನುವಾರ ಚರ್ಚಿಗೆ ಹೋಗುವವರು, ದೂಡಿಸಿಕೊಂಡವರೂ ಚರ್ಚಿಗೆ ಹೋಗುವವರು. ತಪ್ಪು ಮಾಡಿದವನಿಗೆ ಶಿಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಗದವಿಲ್ಲದವನ ಪಾಡು ನೋಡಿ: ಒಬ್ಬನ ಅಪರಾಧ ಇಡೀ ಜನಾಂಗದ ಲೆಕ್ಕಕ್ಕೆ ಬೀಳುತ್ತದೆ. ನೆರೆಮನೆಯವರ ಮನಸ್ಸು ಕೆಟ್ಟ ದಿನ ಅವನಿಗೆ ಹೋಗಿ ಹೇಳಿಕೊಳ್ಳಲು ಬೇರೆ ಬಾಗಿಲೇ ಇರುವುದಿಲ್ಲ.

ಹದಿನೆಂಟು ವರ್ಷ ಕಳೆದು, 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನ ಸೈನ್ಯ ಮತ್ತೆ ಅಧಿಕಾರ ಹಿಡಿಯಿತು. ಚಿನ್ ಯುವಕರು ಬೇಟೆಯ ಕೋವಿ ಹಿಡಿದು ಎದುರು ನಿಂತ ಮೊದಲಿಗರಲ್ಲಿ ಸೇರಿದ್ದರು. ಸೈನ್ಯ ಫಿರಂಗಿ, ವಿಮಾನಗಳಿಂದ ಉತ್ತರಿಸಿತು. ಥಂತ್ಲಾಂಗ್ ಎಂಬ ಪಟ್ಟಣದ ಗತಿಯನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಸುಮಾರು ಹತ್ತು ಸಾವಿರ ಜನರಿದ್ದ ಊರು. ಸೆಪ್ಟೆಂಬರ್ 18ರಂದು ಸೈನ್ಯದ ಶೆಲ್ ಬಿದ್ದು ಮನೆಗಳಿಗೆ ಬೆಂಕಿ ಹತ್ತಿತು. ಅಲ್ಲಿನ ಶತಮಾನೋತ್ಸವ ಬ್ಯಾಪ್ಟಿಸ್ಟ್ ಚರ್ಚಿನ ಯುವ ಪಾಲಕ ಚುಂಗ್ ಬಿಯಾಕ್ ಹುಮ್ ಬೆಂಕಿ ಆರಿಸಲು ಓಡಿದರು. ಸೈನಿಕರು ಅವರನ್ನು ಗುಂಡಿಟ್ಟು ಕೊಂದರು. 31 ವರ್ಷ ವಯಸ್ಸು, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು. ದೇಹ ಸಿಕ್ಕಾಗ ಬೆರಳು ಕತ್ತರಿಸಿ ಮದುವೆಯ ಉಂಗುರ ಕಳಚಿಕೊಂಡಿದ್ದರು. ಅಕ್ಟೋಬರ್ 29ರಂದು ಮತ್ತೆ ಬೆಂಕಿ. ನೂರೈವತ್ತಕ್ಕೂ ಹೆಚ್ಚು ಮನೆಗಳು, ಚರ್ಚುಗಳು ಸುಟ್ಟವು. ಥಂತ್ಲಾಂಗ್ ಖಾಲಿಯಾಯಿತು. ಆ ಊರಿನವರಲ್ಲಿ ಅನೇಕರು ಈಗ ಹೊಳೆಯ ಈಚೆ ಇದ್ದಾರೆ.

ಈಚೆ ಏನಾಯಿತು? 2021ರ ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಗಡಿ ರಾಜ್ಯಗಳಿಗೆ ಪತ್ರ ಬರೆದು, ಯಾರನ್ನೂ ಒಳಗೆ ಬಿಡಬೇಡಿ, ಬಂದವರನ್ನು ಗುರುತಿಸಿ ವಾಪಸ್ ಕಳಿಸಿ ಎಂದಿತು. ಮಣಿಪುರದಲ್ಲಿ ಮಾರ್ಚ್ 26ರ ಆದೇಶವೊಂದು ಇವರಿಗೆ ಊಟ, ವಸತಿಯ ಶಿಬಿರ ತೆರೆಯಬಾರದು, ಆಶ್ರಯ ಕೇಳಿ ಬಂದವರನ್ನು ನಯವಾಗಿ ಹಿಂದಕ್ಕೆ ಕಳಿಸಬೇಕು ಎಂದಿತ್ತು. ಜನ ಸಿಟ್ಟಾದ ಮೇಲೆ ಮೂರೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು. ಮಿಜೋರಾಂ ಮಾತ್ರ ಮೊದಲಿನಿಂದಲೂ ಆಗುವುದಿಲ್ಲ ಎಂದಿತು. ಮುಖ್ಯಮಂತ್ರಿ ಝೋರಂತಂಗಾ ಪ್ರಧಾನಿಗೆ ಪತ್ರ ಬರೆದು, ಇವರು ನಮ್ಮ ರಕ್ತಸಂಬಂಧಿಗಳು, ಇವರ ಕಷ್ಟ ನೋಡಿಯೂ ನಾವು ಸುಮ್ಮನಿರಲಾರೆವು ಎಂಬ ಅರ್ಥದ ಮಾತು ಹೇಳಿದರು.

ಈ ಝೋರಂತಂಗಾ ಯಾರು ಎಂದು ತಿಳಿದರೆ ಆ ಪತ್ರದ ತೂಕ ಗೊತ್ತಾಗುತ್ತದೆ. 1966ರಲ್ಲಿ ಮಿಜೋರಾಮಿನಲ್ಲಿ ದಂಗೆ ಎದ್ದಿತ್ತು. ಆ ವರ್ಷ ಮಾರ್ಚ್‌ನಲ್ಲಿ ನಮ್ಮದೇ ವಾಯುಪಡೆಯ ವಿಮಾನಗಳು ಐಜ್ವಾಲಿನ ಮೇಲೆ ದಾಳಿ ಮಾಡಿದವು. ಮನೆ ಸುಟ್ಟು ಹೋದ ಮಿಜೋಗಳಲ್ಲಿ ಎಷ್ಟೋ ಮಂದಿ ಓಡಿದ್ದು ಪೂರ್ವಕ್ಕೆ, ಇದೇ ಚಿನ್ ಗುಡ್ಡಗಳಿಗೆ. ಝೋರಂತಂಗಾ ಆಗ ದಂಗೆಯ ಕಡೆಯ ಯುವಕ. 1986ರ ಒಪ್ಪಂದದವರೆಗೆ ಇಪ್ಪತ್ತು ವರ್ಷ ಕಾಡು, ಗಡಿ, ಪರದೇಶ ಎಂದು ಅಲೆದವರು. ಆಚೆ ದಡದವರು ಅಂದು ಮಿಜೋಗಳ ಕಾಗದ ಕೇಳಿರಲಿಲ್ಲ.

ಈ ಸಲ ವೈ.ಎಂ.ಎ. ಏನು ಮಾಡಿತು? ಬಿದಿರು ಕಡಿದು ಶಿಬಿರ ಕಟ್ಟಿತು. ಬಟ್ಟೆ, ಅಕ್ಕಿ, ಹಣ ಸಂಗ್ರಹಿಸಿತು. ಚರ್ಚುಗಳು ಕೈಜೋಡಿಸಿದವು. ಮಿಜೋ ಮನೆಗಳಲ್ಲಿ 1910ರ ಸುಮಾರಿನಿಂದ ಒಂದು ರೂಢಿಯಿದೆ. ಅನ್ನಕ್ಕೆ ಅಕ್ಕಿ ಹಾಕುವಾಗಲೆಲ್ಲ ಮನೆಯೊಡತಿ ಒಂದು ಹಿಡಿ ಅಕ್ಕಿಯನ್ನು ದೇವರ ಕೆಲಸಕ್ಕೆಂದು ಬೇರೆ ಡಬ್ಬಿಗೆ ಹಾಕುತ್ತಾಳೆ. ನಮ್ಮ ಅಜ್ಜಿಯರ ಮುಷ್ಟಿ ಅಕ್ಕಿಯ ಹಾಗೆಯೇ. ಹೀಗೆ ಕೊಟ್ಟು ರೂಢಿಯಾದ ಕೈಗಳಿಗೆ ಇನ್ನೊಂದು ಹಿಡಿ ಕಷ್ಟವಾಗಲಿಲ್ಲವೇನೋ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ನಿರಾಶ್ರಿತರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲು ಹೇಳಿತು. ಮಿಜೋರಾಮಿನ ಜನಸಂಖ್ಯೆ 2011ರ ಗಣತಿಯಂತೆ 10,97,206. ಅವರ ನಡುವೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬಂದರೆಂದರೆ, ಇನ್ನೂರು ಮನೆಗಳ ಒಂದು ಧರ್ಮಕೇಂದ್ರಕ್ಕೆ ಬರಿಗೈಯಲ್ಲಿ ಆರು ಕುಟುಂಬ ಬಂದಂತೆ. ಒಂದು ತಿಂಗಳಿಗಲ್ಲ, ವರ್ಷಗಟ್ಟಲೆ. 2022ರ ನವೆಂಬರ್‌ನಿಂದ ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಳ ಬಾಮ್ ಕ್ರೈಸ್ತರೂ ಬಂದರು. 2023ರ ಮೇ ನಂತರ ಮಣಿಪುರದ ಗಲಭೆಯಿಂದ ಓಡಿದವರೂ ಬಂದರು. ದಣಿವು ಕಾಣುತ್ತಿದೆ ಎಂಬುದೂ ನಿಜ. ಕೂಲಿ ಕಡಿಮೆಯಾಯಿತು, ಕಳ್ಳಸಾಗಣೆ ಹೆಚ್ಚಿತು ಎಂಬ ದೂರು ಅಲ್ಲಿನ ಊರುಗಳಲ್ಲಿ ಕೇಳಿಬರುತ್ತದೆ. 2003 ಮತ್ತೆ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು.

ನಮ್ಮಲ್ಲಿ ಅನೇಕರ ಹಿರಿಯರು ಗೋವಾದಿಂದ ಹೊರಟು ಕೆನರಾ ಕರಾವಳಿಗೆ ಬಂದವರು. ವಿಚಾರಣಾ ಮಂಡಳಿಯ ಭಯ, ಬರ, ತೆರಿಗೆ, ಮರಾಠರ ದಾಳಿ, ಒಬ್ಬೊಬ್ಬರಿಗೆ ಒಂದೊಂದು ಕಾರಣ. ಬೇಸಾಯ ಬಲ್ಲ ಜನ ಎಂದು ಕೆಳದಿಯ ಅರಸರು ಅವರಿಗೆ ಭೂಮಿ ಕೊಟ್ಟರು. ಆ ಅರಸರು ಕ್ರೈಸ್ತರಲ್ಲ. ಇದನ್ನು ನೆನೆದಾಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ನಾವು ಚಿನ್ ಜನರಿಗಾಗಿ ಮರುಗುವುದು ಅವರು ಕ್ರೈಸ್ತರು ಎಂಬ ಕಾರಣಕ್ಕೆ ಮಾತ್ರವೇ? ಇದೇ ಮ್ಯಾನ್ಮಾರ್ ಸೈನ್ಯ 2017ರ ಆಗಸ್ಟ್‌ನಲ್ಲಿ ರೋಹಿಂಗ್ಯಾ ಮುಸ್ಲಿಮರ ಹಳ್ಳಿಗಳನ್ನು ಸುಟ್ಟಿತು. ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿದರು. ಆ ವರ್ಷ ಡಿಸೆಂಬರ್ 1ರಂದು ಢಾಕಾದಲ್ಲಿ ಪೋಪ್ ಫ್ರಾನ್ಸಿಸ್ ಅವರಲ್ಲಿ ಕೆಲವರನ್ನು ಕಂಡು, ಲೋಕದ ನಿರ್ಲಕ್ಷ್ಯಕ್ಕಾಗಿ ಅವರ ಕ್ಷಮೆ ಕೇಳಿದರು. ಈ ವಿಷಯ ಯುವಕೂಟದಲ್ಲಿ ಬಂದಾಗ ನಮ್ಮಲ್ಲಿ ಒಮ್ಮತವಿರಲಿಲ್ಲ. ಜೋರು ಮಾತೂ ಆಯಿತು. ಅದನ್ನು ಮುಚ್ಚಿಡುವುದು ಬೇಡ.

ಗಡಿಯ ವಿಷಯದಲ್ಲೂ ಹೊಸ ಬದಲಾವಣೆ ಬಂದಿದೆ. ಗಡಿಯಿಂದ 16 ಕಿಲೋಮೀಟರ್ ಒಳಗಿನವರು ವೀಸಾ ಇಲ್ಲದೆ ಓಡಾಡಬಹುದೆಂಬ ವ್ಯವಸ್ಥೆ ಇತ್ತು. 2024ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು, ಬೇಲಿ ಹಾಕುವುದಾಗಿಯೂ ಹೇಳಿತು. ದೇಶದ ಭದ್ರತೆಯ ಮಾತು ಹಗುರವಾದುದಲ್ಲ. ಮಾದಕವಸ್ತು, ಆಯುಧಗಳು ಆ ದಾರಿಯಲ್ಲಿ ಬರುವುದು ಸುಳ್ಳಲ್ಲ. ಆದರೆ 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದ ದಿನಗಳನ್ನು ಕಾಸರಗೋಡಿನ ನಾವು ಮರೆತಿಲ್ಲ. ಆಸ್ಪತ್ರೆ ಆ ಕಡೆ, ರೋಗಿ ಈ ಕಡೆ. ಒಂದೇ ದೇಶದೊಳಗಿನ ಗಡಿ, ಕೆಲವು ವಾರಗಳ ಮಾತು, ಅಷ್ಟಕ್ಕೇ ಜೀವಗಳು ಹೋದವು.

2025ರ ಜನವರಿ 25ರಂದು ಪೋಪ್ ಫ್ರಾನ್ಸಿಸ್ ಚಿನ್ ರಾಜ್ಯದ ಮಿಂಡಾಟ್ ಪಟ್ಟಣವನ್ನು ಹೊಸ ಧರ್ಮಕ್ಷೇತ್ರವಾಗಿ ಘೋಷಿಸಿದರು. ಅಲ್ಲಿನ ಪವಿತ್ರ ಹೃದಯ ದೇವಾಲಯ ಪ್ರಧಾನಾಲಯವಾಗಬೇಕಿತ್ತು. ಫೆಬ್ರವರಿ 6ರಂದು, ಎರಡು ವಾರವೂ ತುಂಬುವ ಮೊದಲೇ, ಅದರ ಮೇಲೆ ಸೈನ್ಯದ ವಿಮಾನ ಬಾಂಬ್ ಹಾಕಿತು. ಚಾವಣಿ ಹಾರಿಹೋಯಿತು, ಬಣ್ಣದ ಗಾಜಿನ ಕಿಟಕಿಗಳು ಒಡೆದವು.

ಈ ಸೆಪ್ಟೆಂಬರ್‌ನ ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆಯುವ ಜವಾಬ್ದಾರಿಯನ್ನು ಪ್ರಶ್ನೆ ಕೇಳಿದ ಹುಡುಗಿಗೇ ಕೊಟ್ಟಿದ್ದೇವೆ. ಥಂತ್ಲಾಂಗ್ ಎಂಬ ಹೆಸರನ್ನು ಸರಿಯಾಗಿ ಉಚ್ಚರಿಸಲು ಅವಳು ಅಭ್ಯಾಸ ಮಾಡುತ್ತಿದ್ದಾಳೆ.